ಮಸ್ಕತ್ ಬಿಟ್ಟು ಊರಿಗೆ ಹೋದ ಮೇಲೆ ಯಾವುದರ ನೆನಪು ಕಾಡ್ತದೆ? ಹೋದವರು ಹೇಳಿ

ರೂವಿಯಿಂದ ಉಡುಪಿಗೆ

ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳ ಕೊನೆಗೆ ವೀಸಾ ಕ್ಯಾನ್ಸಲ್, ಆಮೇಲೆ ಊರು. ಇಲ್ಲಿ ಮಸ್ಕತ್‌ನ ರೂವಿಗೆ ಬಂದು ಇಪ್ಪತ್ತು ವರ್ಷದ ಹತ್ತಿರ ಆಯ್ತು. ಒಂದು ಟ್ರೇಡಿಂಗ್ ಕಂಪನಿಯಲ್ಲಿ ಲೆಕ್ಕ ಬರೆಯುವ ಕೆಲಸ ನನ್ನದು. ನನ್ನ ಕುರ್ಚಿಗೆ ಬರುವ ಒಮಾನಿ ಹುಡುಗನಿಗೆ ಈಗ ನಾನೇ ಕೆಲಸ ಕಲಿಸ್ತಾ ಇದ್ದೇನೆ. ಒಳ್ಳೆ ಹುಡುಗ, ಹೇಳಿದ್ದು ಬೇಗ ಹಿಡೀತಾನೆ. ಅವನ ದೇಶ, ಅವನಿಗೆ ಕೆಲಸ ಸಿಗಬೇಕಾದ್ದು ನ್ಯಾಯವೇ. ಆ ವಿಷಯದಲ್ಲಿ ನನಗೆ ಯಾರೂ ಸಮಾಧಾನ ಹೇಳಬೇಕಾಗಿಲ್ಲ.

ನನ್ನ ಪ್ರಶ್ನೆ ಬೇರೆ. ಗ್ರಾಚ್ಯುಟಿ, ಕಾರ್ಗೋ, ಮಗನ ಟಿಸಿ, ಇದನ್ನೆಲ್ಲ ಕೇಳಿದರೆ ಹೇಳುವವರು ಬೇಕಾದಷ್ಟು ಜನ ಇದ್ದಾರೆ. ಬಿಟ್ಟು ಹೋದ ಮೇಲೆ ನಿಜವಾಗಿ ಯಾವುದರ ನೆನಪು ಕಾಡ್ತದೆ ಅಂತ ಮಾತ್ರ ಯಾರೂ ಹೇಳುವುದಿಲ್ಲ. ಮೊದಲೇ ಗೊತ್ತಿದ್ದರೆ ಉಳಿದ ದಿನಗಳಲ್ಲಿ ಅದನ್ನು ಸರಿಯಾಗಿ ಕಣ್ಣು ತುಂಬಿಕೊಂಡು ಹೋಗಬಹುದಲ್ಲ?

ನನಗೆ ಸದ್ಯ ತೋಚುವುದು ಇಷ್ಟು. ಡಿಸೆಂಬರ್‌ನಿಂದ ಫೆಬ್ರವರಿವರೆಗಿನ ಸಂಜೆಗಳು, ಮತ್ರಾದ ಕಡಲಂಚಿನ ಕಾರ್ನಿಶ್ ರಸ್ತೆ ಮೇಲೆ ನಡೆಯುವಾಗ ಸೂಕ್ (ಹಳೆ ಪೇಟೆ) ಒಳಗಿಂದ ಬರುವ ಲೋಬಾನದ ಹೊಗೆ, ರಿಯಾಮ್ ಗುಡ್ಡದ ಮೇಲಿನ ಆ ದೊಡ್ಡ ಬಿಳಿ ಧೂಪದಾನಿ. ಚಹಾ ಅಂಗಡಿ ಎದುರು ಕಾರು ನಿಲ್ಲಿಸಿ ಒಂದು ಹಾರ್ನ್ ಹೊಡೆದರೆ ಹುಡುಗ ಕರಕ್ ಚಹಾ ತಂದು ಕಿಟಕಿಗೆ ಕೊಡುವುದು. ಮತ್ತೆ ಈ ತಗ್ಗು ತಗ್ಗು ಬಿಳಿ ಕಟ್ಟಡಗಳು. ಗಗನಚುಂಬಿ ಕಟ್ಟಲು ಬಿಡದ ಕಾರಣ ಎಲ್ಲಿ ನಿಂತರೂ ಹಿಂದೆ ಕಲ್ಲುಬೆಟ್ಟ ಕಾಣ್ತದೆ. ಇವೇ ಕಾಡುವುದಾ, ಅಥವಾ ಬೇರೆ ಏನಾದ್ರೂ ಉಂಟಾ?

ಕುಡ್ಲದವ

ನಾನು 2019ರಲ್ಲಿ ವಾಪಸ್ ಬಂದವ. ಬರುವಾಗ ನನಗೆ ಮೀನಿನದ್ದೇ ಚಿಂತೆ ಇತ್ತು. ಸೀಬ್ ಮಾರ್ಕೆಟಿಗೆ ಬೆಳಿಗ್ಗೆ ಬೇಗ ಹೋದರೆ ದೋಣಿಯಿಂದ ಇಳಿಸಿದ ಅಂಜಲ್ ಹಾಗೇ ಸಿಗ್ತಿತ್ತು. ಆಗಸ್ಟ್ 15ರಿಂದ ಅಕ್ಟೋಬರ್ 15ರವರೆಗೆ ಮಾತ್ರ ಅಲ್ಲಿ ಅಂಜಲ್ ಹಿಡಿಯುವ ಹಾಗಿಲ್ಲ. ನಮ್ಮಲ್ಲಿ ಜೂನ್, ಜುಲೈ ಬೋಟು ಕಡಲಿಗಿಳಿಯುವುದಿಲ್ಲ. ಮಳೆಗಾಲದ ರಜೆಗೆ ಊರಿಗೆ ಬಂದು ಹೋದ ವರ್ಷ ಎರಡೂ ಕಡೆ ಅಂಜಲ್ ತಪ್ತಿತ್ತು. ಆದರೆ ಬಂದ ಮೇಲೆ ಅಲ್ಲಿಯ ಮೀನಿನ ನೆನಪೇ ಆಗಲಿಲ್ಲ ಮಾರಾಯ್ರೆ. ಮಂಗಳೂರಲ್ಲಿ ಮೀನಿಗೆ ಏನು ಬರ?

ನೆನಪಾದದ್ದು ರಸ್ತೆ. ಅಮ್ಮ ಅಲ್ಲಿಗೆ ಬಂದಿದ್ದಾಗ ದಾಟಲಿಕ್ಕೆ ಅಂತ ರಸ್ತೆ ಅಂಚಿನಲ್ಲಿ ನಿಂತರೆ ಕಾರುಗಳು ತಾವಾಗಿ ನಿಲ್ತಿದ್ದವು. ಅಮ್ಮ ಪ್ರತಿ ಸಲ ಕಾರಿನವರಿಗೆ ಕೈ ಮುಗೀತಿದ್ರು, ಅವರು ಒಳಗಿಂದಲೇ ಎದೆ ಮೇಲೆ ಕೈ ಇಟ್ಟು ತಲೆ ಬಗ್ಗಿಸ್ತಿದ್ರು. ಈಗ ಪಂಪ್‌ವೆಲ್ ಹತ್ತಿರ ಅಮ್ಮನ ಕೈ ಹಿಡಿದು ನಿಂತಾಗೆಲ್ಲ ನನಗೆ ಅದೇ ನೆನಪು. ಅವರಿಗೂ ಅದೇ ಅಂತ ಕಾಣ್ತದೆ, ಹೇಳುವುದಿಲ್ಲ.

ನೀವು ಹೇಳಿದ ಕಾರ್ನಿಶ್, ಧೂಪದಾನಿ ಎಲ್ಲ ಫೋಟೋದಲ್ಲಿ ಸಿಗ್ತದೆ. ಫೋಟೋದಲ್ಲಿ ಸಿಗದೇ ಇರುವಂಥದ್ದು ಕಾಡ್ತದೆ.

ಬಾಗಲಕೋಟಿ ಮೇಸ್ತ್ರಿ

ನಮಸ್ಕಾರ್ರಿ. ಓದಿ ಛಲೋ ಅನಸ್ತು. ಆದ್ರ ನಾವು ನೋಡಿದ ಮಸ್ಕತ್ ಬ್ಯಾರೆ ಇತ್ರಿ, ಅದನ್ನೂ ಇಲ್ಲೆ ಹೇಳಬೇಕು. ನಿಮ್ಮದು ಫ್ಯಾಮಿಲಿ ವೀಸಾ, ನಮ್ಮದು ಲೇಬರ್ ಕ್ಯಾಂಪು.

ನಾ ಸೆಂಟ್ರಿಂಗ್ ಕೆಲಸಕ್ಕ ಹೋದಾವ. ಜೂನ್‌ದಿಂದ ಆಗಸ್ಟ್‌ತನಕ ಮಧ್ಯಾಹ್ನ ಹನ್ನೆರಡೂವರಿಯಿಂದ ಮೂರೂವರಿತನಕ ಬಿಸಲಾಗ ಕೆಲಸ ಮಾಡಸಬಾರದು ಅಂತ ಅಲ್ಲೆ ಕಾನೂನ ಐತಿ. ಹಂಗಾಗಿ ನಸುಕಿನ್ಯಾಗ ಎದ್ದು ಹೊಂಟಬಿಡತಿದ್ವಿ. ಮಾಳಿಗಿ ಮ್ಯಾಲಿನ ಟಾಕಿ ಕಾದು ನಳದ ನೀರು ಮೈ ಸುಡತಿತ್ತು. ಗೀಸರ್ ಬಂದ್ ಇಟ್ರ ಅದರಾಗಿನ ನೀರು ರೂಮಿನ ಒಳಗ ಇರತಾವಲ್ಲ, ಅವ ತಣ್ಣಗ. ಬ್ಯಾಸಗ್ಯಾಗ ಬಿಸಿನೀರಿನ ನಳ ತಿರುವಿ ತಣ್ಣೀರು ಮಾಡ್ಕೋತಿದ್ವಿ. ಗಲ್ಫ್‌ನಾಗ ಇದ್ದ ಎಲ್ಲಾರಿಗೂ ಇದು ಗೊತ್ತದ.

ಈ ಬಿಸಲಿನ ನೆನಪು ನನಗ ಬ್ಯಾಡ. ಆದ್ರ ರೂಮಿನ ನೆನಪು ಬಿಡವಲ್ದು. ಒಬ್ಬ ತೆಲಂಗಾಣದಾವ, ಇಬ್ಬರು ಕೇರಳದವ್ರು, ಒಬ್ಬ ಬಾಂಗ್ಲಾದೇಶದಾವ, ನಾನು, ಬಾದಾಮಿ ಕಡೆಯಾವ ಇನ್ನೊಬ್ಬ. ಅಡಗಿ ಪಾಳಿ ಮ್ಯಾಲೆ. ನನ್ನ ಪಾಳಿ ಬಂದ ದಿನ ರೊಟ್ಟಿ, ಊರಿಂದ ತಂದ ಜ್ವಾಳದ ಹಿಟ್ಟು ಇರೂತನಕ. ಆ ಬಾಂಗ್ಲಾದಾವ ನೋಡಿ ನೋಡಿ ರೊಟ್ಟಿ ಬಡಿಯೂದು ಕಲತ, ಕಡೀಗೆ ನನಗಿಂತ ತೆಳ್ಳಗ ಬಡೀತಿದ್ದ. ನಮ್ಮವ್ವ ತೀರಿಕೊಂಡ ಸುದ್ದಿ ಬಂದ ರಾತ್ರಿ ನನ್ನ ಕೈಯಾಗ ಟಿಕೆಟ್ಟಿಗೆ ರೊಕ್ಕ ಇದ್ದಿಲ್ಲ. ಪಗಾರ ಬರಾಕ ಇನ್ನೂ ದಿನಾ ಇದ್ವು. ಯಾರೂ ನನ್ನ ಕೇಳಲಿಲ್ಲ, ತಾವ ಕೂಡಿಸಿ ಟಿಕೆಟ್ ಕೈಯಾಗ ಇಟ್ರು.

ಊರಾಗ ನನಗ ಓಣಿ ಐತಿ, ಮನಿತನ ಐತಿ, ಜಾತಿ ಐತಿ. ಚಾದಂಗಡ್ಯಾಗ ಕುಂತ್ರ ಯಾರ ಮಗ, ಯಾವ ಓಣಿ ಅಂತನ ಮಾತು ಸುರು. ಅಲ್ಲೆ ಆ ರೂಮಿನಾಗ ಯಾರೂ ನನ್ನ ಓಣಿ ಕೇಳಿದ್ದಿಲ್ರಿ. ಅದನ್ನ ಊರಿಗೆ ತರಾಕ ಆಗಲಿಲ್ಲ.

ಕುಡ್ಲದವ

ಮೇಸ್ತ್ರಿಯವರೇ, ನೀವು ಬರೆದದ್ದು ಹೆಂಡತಿಗೆ ಓದಿ ಹೇಳಿದೆ. ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಕೋಟೇಶ್ವರದ ಗಾಳಿ

ನಾನೊಂದು ವಿರುದ್ಧ ಮಾತು ಹೇಳ್ತೇನೆ, ಬೇಜಾರು ಮಾಡ್ಬೇಡಿ. ನನಗೆ ಆ ದೇಶದ ಯಾವ ನೆನಪೂ ಕಾಡುವುದಿಲ್ಲ. ನಾನಿದ್ದ ಕಂಪನಿ ಸಂಬಳ ತಡ ಮಾಡ್ತಿತ್ತು. ಬೇರೆ ಕಡೆ ಒಳ್ಳೆ ಕೆಲಸ ಸಿಕ್ಕಿತು, ಇವರು ಎನ್‌ಒಸಿ, ಅಂದರೆ ಬಿಟ್ಟು ಹೋಗಲಿಕ್ಕೆ ನಮ್ಮ ಅಡ್ಡಿ ಇಲ್ಲ ಅನ್ನುವ ಪತ್ರ, ಕೊಡಲಿಲ್ಲ. ಎನ್‌ಒಸಿ ಇಲ್ಲದೆ ಬಿಟ್ಟು ಹೋದವ ಎರಡು ವರ್ಷ ಬೇರೆ ವೀಸಾದಲ್ಲಿ ವಾಪಸ್ ಬರುವ ಹಾಗಿಲ್ಲ ಅಂತ ಆಗ ನಿಯಮ ಇತ್ತು. ಅದನ್ನು ತೆಗೆದದ್ದು 2021ರ ಜನವರಿಯಲ್ಲಿ. ನನ್ನ ಪ್ರಾಯದ ಒಳ್ಳೆ ವರ್ಷಗಳು ಅಷ್ಟರೊಳಗೆ ಮುಗಿದಿದ್ದವು. ಹೊಸತಾಗಿ ಹೋಗುವ ಹುಡುಗರು ನಿಮ್ಮ ಈ ಚಂದದ ಮಾತು ಮಾತ್ರ ಓದಿ ಹೊರಡಬಾರದು ಅಂತ ಇಷ್ಟು ಬರೆದೆ.

ರೂವಿಯಿಂದ ಉಡುಪಿಗೆ

ಬೇಜಾರು ಯಾಕೆ ಮಾರಾಯ್ರೆ, ಬರೆದದ್ದು ಒಳ್ಳೆಯದಾಯ್ತು. ನನ್ನ ಭಾವನೂ ಇದೇ ಎನ್‌ಒಸಿ ಕಷ್ಟದಲ್ಲಿ ಸಿಕ್ಕಿಬಿದ್ದಿದ್ರು. ಈಗ ಕಾಂಟ್ರ್ಯಾಕ್ಟ್ ಮುಗಿದ ಮೇಲೆ ಕೆಲಸ ಬದಲಿಸಬಹುದು. ಆ ಬದಲಾವಣೆ ಇನ್ನೂ ಮೊದಲು ಬರಬೇಕಿತ್ತು ಅನ್ನುವುದರಲ್ಲಿ ನನಗೂ ಎರಡು ಮಾತಿಲ್ಲ.

ಒಂದು ಮಾತ್ರ ಕೇಳ್ತೇನೆ, ಉತ್ತರ ಹೇಳಲೇಬೇಕು ಅಂತಿಲ್ಲ. ಅಲ್ಲಿಯ ಯಾವ ಮನುಷ್ಯರೂ ನಿಮಗೆ ನೆನಪಾಗುವುದಿಲ್ವಾ?

ಭಟ್ಕಳ ಬಂದರು

ಅಸ್ಸಲಾಮು ಅಲೈಕುಂ, ನಮಸ್ಕಾರ. ಬಾಂಗು, ರಂಜಾನ್, ಈದ್ ಎಲ್ಲ ನಮ್ಮ ಭಟ್ಕಳದಲ್ಲೂ ಉಂಟು, ಆದ್ದರಿಂದ ನನಗೆ ಅವುಗಳ ಕೊರತೆ ಆಗಲಿಕ್ಕಿಲ್ಲ ಅಂದುಕೊಂಡಿದ್ದೆ. ಅಲ್ಲಿಯ ರಂಜಾನ್ ಬೇರೆಯೇ. ಇಡೀ ದೇಶದ ಗಡಿಯಾರ ಬದಲಾಗ್ತದೆ. ಆಫೀಸಿನ ಹೊತ್ತು ಕಡಿಮೆ, ಹಗಲು ಊರೆಲ್ಲ ನಿದ್ದೆ, ರಾತ್ರಿ ಎರಡು ಗಂಟೆಗೂ ಸೂಕ್‌ನಲ್ಲಿ ಮಕ್ಕಳು ಓಡಾಡ್ತಾ ಇರ್ತವೆ. ಮಸೀದಿ ಅಂಗಳದಲ್ಲಿ ಉದ್ದಕ್ಕೆ ಸುಪ್ರ (ಊಟದ ಹಾಸು) ಹಾಸಿ ಖರ್ಜೂರ, ಮಜ್ಜಿಗೆ, ಹರೀಸ್ (ಗೋಧಿ, ಮಾಂಸ ಬೇಯಿಸಿದ ಗಂಜಿ), ಅನ್ನ ಇಡ್ತಾರೆ. ಕೂತವ ಯಾವ ದೇಶದವ, ಯಾವ ಧರ್ಮದವ ಅಂತ ಕೇಳುವ ಕ್ರಮ ಇಲ್ಲ. ಮೇಸ್ತ್ರಿಯವರ ಹಾಗೆ ಕೆಲಸದಿಂದ ನೇರ ಬಂದವರು ಸಿಮೆಂಟಿನ ಬಟ್ಟೆಯಲ್ಲೇ ಕೂರ್ತಿದ್ರು, ಮೊದಲ ತಟ್ಟೆ ಅವರ ಮುಂದೆ ಇಡ್ತಿದ್ರು.

ಇನ್ನೊಂದು ನಮ್ಮ ಪಕ್ಕದ ಮನೆ. ಬಲೂಚಿ ಮೂಲದ ಒಮಾನಿಗಳು, ಯಜಮಾನರು ತುಂಬಾ ವಯಸ್ಸಾದವರು. ಹಿಂದಿ ಚೆನ್ನಾಗಿ ಬರ್ತಿತ್ತು. ಚಿಕ್ಕಂದಿನಲ್ಲಿ ಅಂಗಡಿಗೆ ಹೋಗುವಾಗ ಕೈಯಲ್ಲಿ ರೂಪಾಯಿ ಹಿಡಿದುಕೊಂಡು ಹೋಗ್ತಿದ್ದೆ ಅಂತ ಹೇಳ್ತಿದ್ರು. 1970ರವರೆಗೆ ಅಲ್ಲಿ ಭಾರತದವರು ಅಚ್ಚು ಹಾಕಿದ ಗಲ್ಫ್ ರೂಪಾಯಿಯೇ ಓಡ್ತಿತ್ತಲ್ಲ. ಈದ್‌ಗೆ ಅವರ ಮನೆಯಲ್ಲಿ ಶುವಾ. ಮಸಾಲೆ ಅರೆದು ಹಚ್ಚಿದ ಮಾಂಸವನ್ನು ಎಲೆಯಲ್ಲಿ ಸುತ್ತಿ, ಚೀಲದಲ್ಲಿ ಹಾಕಿ, ಕೆಂಡ ತುಂಬಿದ ಗುಂಡಿಯಲ್ಲಿ ಮುಚ್ಚಿಡುವುದು. ಒಂದು ದಿನ, ಕೆಲವೊಮ್ಮೆ ಎರಡು ದಿನ. ಬೀದಿಯ ನಾಲ್ಕೈದು ಮನೆಗೆ ಒಂದೇ ಗುಂಡಿ, ಚೀಲದ ಮೇಲೆ ಮನೆ ಮನೆಯ ಗುರುತು. ಒಂದು ವರ್ಷ ಅದರಲ್ಲಿ ನಮ್ಮ ಮನೆಯ ಗುರುತಿನ ಚೀಲವೂ ಇತ್ತು. ನಾವು ಕೇಳಿರಲಿಲ್ಲ, ಅವರೇ ಮಾಂಸ ತಂದು ಹಾಕಿದ್ದು. ಆವತ್ತಿನಿಂದ ನಾವು ಆ ಬೀದಿಯವರಾದೆವು.

ಉಡುಪಿಯವರೇ, ಹೊರಡುವ ಮೊದಲು ನಿಮ್ಮ ಬೀದಿಯ ಒಮಾನಿ ಮನೆಗಳಿಗೆ ಹೆಂಡತಿ ಮಗನನ್ನು ಕರೆದುಕೊಂಡು ಹೋಗಿ ಬನ್ನಿ. ಫೋನ್ ಮಾಡಿ ಹೋಗ್ಬೇಡಿ, ಸುಮ್ಮನೆ ಹೋಗಿ.

ತೀರ್ಥಹಳ್ಳಿ ಸಿಸ್ಟರ್

ಎಲ್ಲರೂ ಮಸ್ಕತ್ ಪೇಟೆ ಬಗ್ಗೆ ಹೇಳ್ತಿದ್ದೀರಿ. ನಾನು ಕೆಲಸ ಮಾಡಿದ್ದು ರುಸ್ತಾಕ್ ಕಡೆ, ಸರ್ಕಾರಿ ಆಸ್ಪತ್ರೆಯಲ್ಲಿ. ಬೆಟ್ಟದ ಬುಡದ ಊರು. ಮೊದಲ ದಿನ ಆ ಬೋಳು ಬೆಟ್ಟ ನೋಡಿ ಅಳು ಬಂದುಬಿಟ್ಟಿತ್ತು. ನಮ್ಮ ತೀರ್ಥಹಳ್ಳಿಯ ಮಳೆ, ಹಸಿರು ಬಿಟ್ಟು ಎಲ್ಲಿಗೆ ಬಂದೆನಪ್ಪಾ ಅಂತ.

ಅರಬ್ಬಿ ಕಲಿಸಿದ್ದು ರೋಗಿಗಳೇ. ವಯಸ್ಸಾದ ಹೆಂಗಸರು ಕೈ ಹಿಡಿದು ಒಂದೊಂದೇ ಮಾತು ಹೇಳಿಕೊಡ್ತಿದ್ರು. ಬಾಣಂತಿಯನ್ನು ನೋಡಲು ಬರುವ ನೆಂಟರು ಫ್ಲಾಸ್ಕಿನಲ್ಲಿ ಕಹ್ವಾ, ಡಬ್ಬಿಯಲ್ಲಿ ಖರ್ಜೂರ ತರ್ತಿದ್ರು. ಡ್ಯೂಟಿಯಲ್ಲಿರುವ ನಮಗೂ ಕೊಡದೆ ಅವರು ಕುಡಿಯುವವರಲ್ಲ. ಹಿಡಿಯಿಲ್ಲದ ಪುಟ್ಟ ಬಟ್ಟಲು, ಅದರಲ್ಲಿ ಕಾಲು ಭಾಗ ಮಾತ್ರ. ಖಾಲಿಯಾದ ಕೂಡಲೇ ಮತ್ತೆ ಹಾಕ್ತಾರೆ. ಸಾಕು ಅನ್ನಬೇಕಾದರೆ ಬಟ್ಟಲನ್ನು ಬೆರಳಲ್ಲಿ ಹಿಡಿದು ಸ್ವಲ್ಪ ಅಲ್ಲಾಡಿಸಬೇಕು. ಸಕ್ಕರೆ ಇಲ್ಲದ, ಏಲಕ್ಕಿ ಹಾಕಿದ ಆ ಕಾಫಿ ಮೊದಲು ಕಷಾಯ ಅನಿಸ್ತಿತ್ತು. ಈಗ ಮನೆಯಲ್ಲೇ ಮಾಡ್ಕೋತೀನಿ. ಖರ್ಜೂರ ಶಿವಮೊಗ್ಗದಲ್ಲೂ ಸಿಗುತ್ತೆ, ಕಾಫಿಪುಡಿ ನಮ್ಮ ತೋಟದ್ದೇ. ಎರಡನೇ ಬಟ್ಟಲು ಹಾಕಿಕೊಡುವವರು ಮಾತ್ರ ಇಲ್ಲ.

ಅಲ್ಲಿ ಫಲಜ್ ಅಂತ ನೀರಿನ ಕಾಲುವೆಗಳು. ಬೆಟ್ಟದ ಒಳಗಿನ ಒರತೆಯಿಂದ ನೀರನ್ನು ಇಳಿಜಾರಿನಲ್ಲೇ ಊರಿಗೆ ತರ್ತಾರೆ, ಪಂಪ್ ಗಿಂಪ್ ಏನಿಲ್ಲ. ಮೊದಲು ಕುಡಿಯುವ ನೀರು ಹಿಡಿಯುವ ಜಾಗ, ಆಮೇಲೆ ಸ್ನಾನ, ಕೊನೆಗೆ ಖರ್ಜೂರದ ತೋಟ. ಯಾರ ತೋಟಕ್ಕೆ ಎಷ್ಟು ಹೊತ್ತು ಅನ್ನೋದು ಹಿಂದಿನ ಕಾಲದಿಂದ ಲೆಕ್ಕ. ಹಗಲು ನೆರಳು ನೋಡಿ, ರಾತ್ರಿ ನಕ್ಷತ್ರ ನೋಡಿ ಹೊತ್ತು ಹಂಚ್ತಿದ್ರಂತೆ. 2006ರಲ್ಲಿ ಯುನೆಸ್ಕೋ ಇಂಥ ಐದು ಫಲಜ್‌ಗಳನ್ನು ವಿಶ್ವಪರಂಪರೆ ಪಟ್ಟಿಗೆ ಸೇರಿಸಿದೆ. ರಜೆ ದಿನ ನಾನು ಅದರ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತು ಅಮ್ಮನಿಗೆ ಫೋನ್ ಮಾಡ್ತಿದ್ದೆ. ಆಗುಂಬೆ ಕಡೆಯವಳಿಗೆ ನೀರಿನ ಬೆಲೆ ಗೊತ್ತಾಗಿದ್ದು ಅಲ್ಲಿ.

ಆದರೂ ಎಲ್ಲಕ್ಕಿಂತ ಹೆಚ್ಚು ನೆನಪಾಗೋದು ಇದು: ರಾತ್ರಿ ಪಾಳಿ ಮುಗಿಸಿ ಎಷ್ಟು ಹೊತ್ತಿಗಾದ್ರೂ ಒಬ್ಬಳೇ ಕ್ವಾರ್ಟರ್ಸ್‌ಗೆ ನಡೆದುಕೊಂಡು ಬರ್ತಿದ್ದೆ. ಒಂದು ದಿನವೂ ಹಿಂದಿರುಗಿ ನೋಡಿಲ್ಲ. ಇಲ್ಲಿ ಅಣ್ಣ ಬೈಕ್ ತಗೊಂಡು ಬಸ್‌ಸ್ಟ್ಯಾಂಡಿಗೆ ಬರ್ತಾನೆ. ಪ್ರೀತಿಯಿಂದಲೇ ಬರ್ತಾನೆ, ಗೊತ್ತು. ಆದರೆ ಆ ನಡಿಗೆ ನನ್ನದಾಗಿತ್ತು.

ಟೊರೊಂಟೊ ಟೀಚರ್

ಸಿಸ್ಟರ್, ನಿಮ್ಮ ಕೊನೆ ಮಾತಿಗೆ ನೂರು ನಮಸ್ಕಾರ.

ನಾವು ಮಸ್ಕತ್‌ನಿಂದ ಊರಿಗೆ ಹೋಗಲಿಲ್ಲ, ಕೆನಡಾಗೆ ಬಂದ್ವಿ. ನಾನು ಅಲ್ಲಿ ಇಂಡಿಯನ್ ಸ್ಕೂಲಿನಲ್ಲಿ ಪಾಠ ಮಾಡ್ತಿದ್ದೆ. ಇಲ್ಲಿ ನಮಗೆ ಪೌರತ್ವ ಸಿಕ್ಕಿದೆ, ಮತ ಹಾಕ್ತೀವಿ, ಮನೆ ನಮ್ಮ ಹೆಸರಲ್ಲಿದೆ. ಒಮಾನ್‌ನಲ್ಲಿ ಇದ್ಯಾವುದೂ ಇರಲಿಲ್ಲ. ಎರಡು ವರ್ಷಕ್ಕೊಮ್ಮೆ ವೀಸಾ ರಿನ್ಯೂ ಆದರೆ ಇದ್ದೀವಿ, ಇಲ್ಲದಿದ್ದರೆ ಇಲ್ಲ. ಹೀಗಿದ್ದೂ ನಾನು ಹೆಚ್ಚು ನೆನೆಸಿಕೊಳ್ಳೋದು ಗುಬ್ರಾದ ಆ ಬಾಡಿಗೆ ಮನೆಯನ್ನೇ.

2007ರ ಜೂನ್‌ನಲ್ಲಿ ಗೋನು ಚಂಡಮಾರುತ ಬಂತಲ್ಲ, ಆಗ ನಾವು ಅಲ್ಲಿದ್ವಿ. ವಾದಿಗಳೆಲ್ಲ (ಒಣ ಹಳ್ಳಗಳು) ಉಕ್ಕಿ ಕುರುಂ ಕಡೆ ರಸ್ತೆಗಳೇ ಕಿತ್ತುಕೊಂಡು ಹೋದವು, ಕಾರುಗಳು ಒಂದರ ಮೇಲೊಂದು. ಮಳೆ ನಿಂತ ಮೇಲೆ ಶುರುವಾಗಿದ್ದು ನಿಜವಾದ ಕಷ್ಟ. ಸಮುದ್ರದ ನೀರನ್ನು ಸಿಹಿ ಮಾಡುವ ಗುಬ್ರಾದ ಘಟಕ ನಿಂತುಹೋಗಿ ಊರಿಗೆ ಊರೇ ನೀರಿಲ್ಲ. ಕರೆಂಟೂ ಇಲ್ಲ, ಜೂನ್ ಸೆಖೆ. ನಮ್ಮ ಕಟ್ಟಡದಲ್ಲಿ ಮಲಯಾಳಿ, ಸಿಂಧಿ, ಈಜಿಪ್ಟಿನವರು, ಪಾಕಿಸ್ತಾನದವರು ಎಲ್ಲ ಇದ್ರು. ಅದುವರೆಗೆ ಲಿಫ್ಟಿನಲ್ಲಿ ತಲೆ ಆಡಿಸಿದ್ದಷ್ಟೇ ಪರಿಚಯ. ಮೇಲಿನ ಟ್ಯಾಂಕಿನಲ್ಲಿ ಉಳಿದ ನೀರನ್ನು ಮನೆಗಿಷ್ಟು ಬಕೆಟ್ ಅಂತ ಅಳೆದು ಹಂಚಿಕೊಂಡ್ವಿ. ಹಸುಗೂಸು ಇದ್ದ ಮನೆಗೆ ಒಂದು ಬಕೆಟ್ ಜಾಸ್ತಿ. ಫ್ರಿಜ್ಜಿನಲ್ಲಿದ್ದದ್ದು ಕೆಡುವ ಮೊದಲು ಎಲ್ಲರೂ ತಂದು ಒಟ್ಟಿಗೆ ಬೇಯಿಸಿದ್ವಿ. ಗುರುತು ಪರಿಚಯ ಇಲ್ಲದ ಒಮಾನಿ ಹುಡುಗರು ಪಿಕಪ್ ತುಂಬ ನೀರಿನ ಬಾಟಲಿ ತುಂಬಿಕೊಂಡು ಬಂದು ಬಾಗಿಲು ಬಾಗಿಲಿಗೆ ಇಟ್ಟು ಹೋದ್ರು.

ಆಮೇಲೆ ಆ ಕಟ್ಟಡದಲ್ಲಿ ಬಾಗಿಲುಗಳು ಹಗಲು ಹೊತ್ತು ಮುಚ್ಚಲೇ ಇಲ್ಲ. ನನ್ನ ಮಗಳು ಎದುರು ಮನೆಯ ಈಜಿಪ್ಟ್ ಅಜ್ಜಿ ಹತ್ತಿರ ಉಂಡು ಬೆಳೆದಳು. ಅಲ್ಲಿ ಯಾರಿಗೂ ಅಣ್ಣ ತಮ್ಮ, ಅತ್ತೆ ಮಾವ ಹತ್ತಿರ ಇರಲಿಲ್ಲ, ಪಕ್ಕದ ಮನೆಯವರೇ ಆ ಜಾಗ ತುಂಬಬೇಕಿತ್ತು. ಇಲ್ಲಿ ಹಕ್ಕು ಇದೆ, ಆ ಅಗತ್ಯ ಇಲ್ಲ. ಹಾಗಾಗಿ ಆ ಬಳಕೆಯೂ ಇಲ್ಲ.

ಕೋಟೇಶ್ವರದ ಗಾಳಿ

ಉಡುಪಿಯವರು ಕೇಳಿದ್ದಕ್ಕೆ ಉತ್ತರ. ನೆನಪಾಗುವ ಒಬ್ಬರಿದ್ದಾರೆ. ಹಮ್ರಿಯಾದಲ್ಲಿ ಮೆಸ್ ನಡೆಸ್ತಿದ್ದ ಕಣ್ಣೂರಿನ ಕಾಕಾ. ಸಂಬಳ ಬರದ ತಿಂಗಳು ಪುಸ್ತಕದಲ್ಲಿ ನನ್ನ ಹೆಸರಿನ ಮುಂದೆ ಏನೂ ಬರೀತಿರಲಿಲ್ಲ. ಕೇಳಿದರೆ ‘ಮೊದಲು ತಿನ್ನು’ ಅಂತಿದ್ರು. ಸಂಬಳ ಬಂದ ಮೇಲೆ ನಾನೇ ಅಂದಾಜು ಲೆಕ್ಕ ಹಾಕಿ ಕೊಟ್ಟದ್ದು, ಅವರು ಎಣಿಸದೆ ಡ್ರಾಯರಿಗೆ ಹಾಕಿದ್ರು. ಅವರು ಈಗ ಎಲ್ಲಿದ್ದಾರೋ. ದೇಶದ ಬಗ್ಗೆ ನಾನು ಹೇಳಿದ ಮಾತು ಬದಲಿಸುವುದಿಲ್ಲ.

ಹಾಸನದ ಟ್ರೈಲರ್

ಅಣ್ಣಾವ್ರೇ, ನಂದು ಸಲಾಲಾ ಲೈನು. ಮಸ್ಕತ್ತಿಂದ ಹೈಮಾ, ತುಮ್ರೈತ್ ಮೇಲೆ ಸಾವಿರ ಕಿಲೋಮೀಟ್ರು. ಮರ ಇಲ್ಲ, ಮನೆ ಇಲ್ಲ, ರೋಡ್ ಮೇಲೆ ಒಂಟೆ ಬಂದ್ರೆ ಅದೇ ದೊಡ್ಡ ಸುದ್ದಿ. ಜೂನ್ ಕೊನೆಯಿಂದ ಸೆಪ್ಟೆಂಬರ್‌ವರೆಗೆ ಖರೀಫ್ ಸೀಸನ್. ನಮ್ಮೂರಿಗೆ ಮಳೆ ತರೋ ಅದೇ ಮುಂಗಾರು ಗಾಳಿ, ಅದರ ಸೆರಗು ಮಾತ್ರ ಸಲಾಲಾ ಬೆಟ್ಟಕ್ಕೆ ತಾಗುತ್ತೆ. ತುಮ್ರೈತ್ ದಾಟೋವರೆಗೂ ಬೆಂಕಿ ಬಿಸಿಲು. ಘಾಟಿ ಇಳಿಯೋಕೆ ಶುರು ಮಾಡಿದ್ರೆ ಒಂದೇ ತಿರುವಿನಲ್ಲಿ ಗಾಜಿನ ಮೇಲೆ ಮಂಜು, ವೈಪರ್ ಹಾಕಬೇಕು. ಕೆಳಗೆ ಹಸಿರು ಹುಲ್ಲು, ತೆಂಗಿನ ತೋಟ, ಬಾಳೆ, ಪಪ್ಪಾಯಿ. ರೋಡ್ ಪಕ್ಕ ಎಳನೀರು ಕೊಚ್ಚಿ ಕೊಡ್ತಾರೆ. ನಾನು ಸಕಲೇಶಪುರದ ಘಾಟಿಯಲ್ಲಿ ಲಾರಿ ಓಡಿಸಿದವನು. ಮೊದಲನೇ ಸಲ ಅಲ್ಲಿ ಇಳಿದಾಗ ಗಾಡಿ ಪಕ್ಕಕ್ಕೆ ಹಾಕಿ ಮಳೆಯಲ್ಲಿ ನೆನೆದುಬಿಟ್ಟೆ. ಹಿಂದೆ ಬಂದ ಒಮಾನಿ ಫ್ಯಾಮಿಲಿಯವರೂ ಇಳಿದು ನೆನೀತಾ ಇದ್ರು. ಮಳೆ ನೋಡೋಕೆ ಅಂತಲೇ ಅಷ್ಟು ದೂರ ಕಾರಲ್ಲಿ ಬರ್ತಾರೆ ಅವರು.

ಸಾರ್, ನೀವು ಇಪ್ಪತ್ತು ವರ್ಷ ಇದ್ದು ಖರೀಫ್ ನೋಡಿಲ್ಲ ಅಂದ್ರೆ ಹೋಗಿ ನೋಡ್ಕೊಂಡು ಬನ್ನಿ. ಸೀಸನ್ ಅಲ್ಲ ಅಂದ್ರೆ ಬಿಡಿ, ಸುಮ್ನೆ ದುಡ್ಡು ದಂಡ.

ಮಸ್ಕತ್ ಮಗಳು

ಎಲ್ಲರ ಪೋಸ್ಟ್ ಓದಿದೆ. ನಾನು ಬೇರೆ ಕಡೆಯಿಂದ ಹೇಳ್ತೀನಿ. ನಾನು ಹುಟ್ಟಿದ್ದೇ ಮಸ್ಕತ್‌ನಲ್ಲಿ. ಹನ್ನೆರಡನೇ ಕ್ಲಾಸ್‌ವರೆಗೆ ಓದಿದ್ದೂ ಅಲ್ಲೇ. ಈಗ ಬೆಂಗಳೂರಲ್ಲಿ ಪಿಜಿಯಲ್ಲಿದ್ದೀನಿ. ಅಪ್ಪ ಅಮ್ಮ ಕೂಡ ಕೆಲಸ ಮುಗಿಸಿ ಮೈಸೂರಿಗೆ ಬಂದಿದ್ದಾರೆ. ನೀವೆಲ್ಲ ವಾಪಸ್ ಹೋಗ್ತಿದ್ದೀರಿ, ಹೋಗಿದ್ದೀರಿ. ನನಗೆ ವಾಪಸ್ ಅನ್ನೋದಿಲ್ಲ. ನಾನು ನಮ್ಮೂರು ಬಿಟ್ಟು ಬಂದವಳು.

ಅಲ್ಲಿ ಹುಟ್ಟಿದ್ರೂ ಅಲ್ಲಿಯ ಪ್ರಜೆ ಅಲ್ಲ. ಅಪ್ಪನ ವೀಸಾ ಇರೋವರೆಗೆ ನಾನು ಅಲ್ಲಿಯವಳು. ಅದು ಕ್ಯಾನ್ಸಲ್ ಆದ ದಿನ ನನ್ನದೂ ಕ್ಯಾನ್ಸಲ್. ನನ್ನ ಸ್ಕೂಲು, ನಾನು ಸೈಕಲ್ ಕಲಿತ ಪಾರ್ಕಿಂಗ್ ಜಾಗ ನೋಡಬೇಕು ಅಂದ್ರೆ ಈಗ ಟೂರಿಸ್ಟ್ ವೀಸಾ ಬೇಕು. ಹುಟ್ಟಿದ ಊರಿಗೆ ಹೋಟೆಲ್ ಬುಕ್ ಮಾಡ್ಕೊಂಡು ಹೋಗೋದು ಎಷ್ಟು ಸಂಕಟ ಅಂತ ಅಪ್ಪನಿಗೂ ಪೂರ್ತಿ ಅರ್ಥ ಆಗಿಲ್ಲ.

ನನಗೆ ನೆನಪಾಗೋದು ಚಿಕ್ಕ ಚಿಕ್ಕದು. ಸ್ಕೂಲ್ ಮುಗಿದ ಮೇಲೆ ಪರೋಟಾ ಮೇಲೆ ಚೀಸ್ ಹಚ್ಚಿ, ಒಂದು ಪ್ಯಾಕೆಟ್ ‘ಚಿಪ್ಸ್ ಒಮಾನ್’ ಅನ್ನೋ ಆಲೂ ಚಿಪ್ಸ್ ಪುಡಿ ಮಾಡಿ ಹಾಕಿ ಸುತ್ತಿ ಕೊಡ್ತಿದ್ರು, ಅದು. ನವೆಂಬರ್‌ನಲ್ಲಿ ನ್ಯಾಷನಲ್ ಡೇಗೆ ಹೈವೇ ಉದ್ದಕ್ಕೂ ಕೆಂಪು, ಬಿಳಿ, ಹಸಿರು ದೀಪ. ಅಝೈಬಾ ಬೀಚಲ್ಲಿ ಹುಣಸೆ ಚಟ್ನಿ ಜೊತೆ ಮಿಷ್ಕಾಕ್, ಕಡ್ಡಿಗೆ ಚುಚ್ಚಿ ಸುಟ್ಟ ಮಾಂಸ.

ಸುಲ್ತಾನ್ ಕಾಬೂಸ್ ತೀರಿಕೊಂಡಿದ್ದು 2020ರ ಜನವರಿ 10ಕ್ಕೆ. ಮಾರನೇ ದಿನ ಬೆಳಗಿನ ಜಾವ ಸುದ್ದಿ ಗೊತ್ತಾಯ್ತು. ಟಿವಿಯಲ್ಲಿ ಕುರಾನ್ ಓದೋದು ಬಿಟ್ಟರೆ ಏನಿಲ್ಲ. ಕೆಳಗಡೆ ಅಂಗಡಿಯ ಮಲಯಾಳಿ ಅಂಕಲ್ ಶಟರ್ ಅರ್ಧ ಇಳಿಸಿ ಒಳಗೆ ಕೂತು ಅಳ್ತಿದ್ರು. ನಮ್ಮ ಅಪ್ಪನೂ ಅತ್ತರು. ಅವರು 1970ರಿಂದ ಆಳಿದವರು, ಅಪ್ಪ ನೋಡಿದ ಒಮಾನ್ ಪೂರ್ತಿ ಅವರ ಕಾಲದ್ದೇ. ಆವತ್ತು ಅಲ್ಲಿ ಯಾರು ಪ್ರಜೆ, ಯಾರು ಹೊರಗಿನವರು ಅಂತ ಮುಖ ನೋಡಿ ಹೇಳೋಕೆ ಆಗ್ತಿರಲಿಲ್ಲ.

ಅಂಕಲ್, ನಿಮ್ಮ ಮಗನಿಗೆ ಎಷ್ಟು ವಯಸ್ಸು ಗೊತ್ತಿಲ್ಲ. ಅವನಿಗೆ ‘ನಮ್ಮೂರಿಗೆ ಹೋಗ್ತಿದ್ದೀವಿ’ ಅಂತ ಖುಷಿಪಡಿಸೋಕೆ ಹೋಗ್ಬೇಡಿ ಪ್ಲೀಸ್. ಅವನು ಊರು ಕಳ್ಕೋತಿದ್ದಾನೆ. ಅವನಿಗೆ ಯಾವ ಜಾಗ ಕೊನೇ ಸಲ ನೋಡಬೇಕು ಅಂತ ಅವನನ್ನೇ ಕೇಳಿ, ಅಲ್ಲಿಗೆ ಕರ್ಕೊಂಡು ಹೋಗಿ.

ತೀರ್ಥಹಳ್ಳಿ ಸಿಸ್ಟರ್

ಮಗಳೇ, ನಿನ್ನ ಕಾಲೇಜು ರಜೆಯಲ್ಲಿ ತೀರ್ಥಹಳ್ಳಿಗೆ ಬಾ. ಕಹ್ವಾ ಮಾಡಿಕೊಡ್ತೀನಿ, ಅರಬ್ಬಿಯಲ್ಲಿ ಮಾತಾಡೋಣ.

ಮಸ್ಕತ್ ಮಗಳು

ಖಂಡಿತ ಬರ್ತೀನಿ ಆಂಟಿ. ನನ್ನ ಅರಬ್ಬಿ ಸ್ಕೂಲಿನದ್ದು, ನಿಮ್ಮಷ್ಟು ಬರಲ್ಲ.

ರೂವಿಯಿಂದ ಉಡುಪಿಗೆ

ಎರಡು ದಿನ ಉತ್ತರ ಬರೆಯಲಿಕ್ಕೆ ಆಗಲಿಲ್ಲ. ಮಗನನ್ನು ಕೇಳಿದೆ. ಅವನಿಗೆ ಈಗ ಹದಿಮೂರು. ಅವನು ಹೇಳಿದ್ದು ಕಾರ್ನಿಶ್ ಅಲ್ಲ, ಜಬಲ್ ಶಮ್ಸ್ ಬೆಟ್ಟ ಅಲ್ಲ. ಕಟ್ಟಡದ ಹಿಂದಿನ ಮಣ್ಣಿನ ಮೈದಾನ, ಅಲ್ಲಿ ಒಮಾನಿ ಹುಡುಗರ ಜೊತೆ ಆಡುವ ಫುಟ್ಬಾಲ್. ‘ನಾನು ಹೋದ ಮೇಲೆ ಗೋಲಿಗೆ ಯಾರು ನಿಲ್ತಾರೆ’ ಅಂತ ಕೇಳಿದ. ನಾನು ಒಂದು ದಿನವೂ ಕೂತು ಆ ಆಟ ನೋಡಿದವನಲ್ಲ. ಇನ್ನು ಹೊರಡುವವರೆಗೆ ಸಂಜೆ ಆಫೀಸಿನಿಂದ ನೇರ ಅಲ್ಲಿಗೇ ಹೋಗುವುದು ಅಂತ ನಿಶ್ಚಯ ಮಾಡಿದ್ದೇನೆ.

ನಿಜ್ವಾಗೆ ಹೋಗುವುದಿದೆ, ಶುಕ್ರವಾರ ಬೆಳಿಗ್ಗೆಯ ಆಡಿನ ಸಂತೆಗೆ. ಮಾರುವ ಆಡುಗಳನ್ನು ಹಿಡಿದುಕೊಂಡು ಸುತ್ತು ಹಾಕ್ತಾರೆ, ಕೊಳ್ಳುವವರು ಸುತ್ತ ನಿಂತು ಕೂಗಿ ಬೆಲೆ ಹೇಳ್ತಾರೆ. ಆಫೀಸಿನ ಒಮಾನಿ ಹುಡುಗನ ಮನೆ ಅದೇ ಕಡೆ. ಅವನ ತಾಯಿ ಊಟಕ್ಕೆ ಕರೆದಿದ್ದಾರೆ. ಹಿಂದೆಯೂ ಕರೆದಿದ್ರು, ಕೆಲಸ ಅಂತ ಮುಂದೂಡ್ತಾ ಇದ್ದೆ. ಈ ಸಲ ಹೋಗ್ತೇವೆ.

ಮೇಸ್ತ್ರಿಯವರೇ, ನಿಮ್ಮ ರೂಮಿನವರು ಯಾರಾದ್ರೂ ಇನ್ನೂ ಇಲ್ಲಿ ಇದ್ದಾರಾ?

ಬಾಗಲಕೋಟಿ ಮೇಸ್ತ್ರಿ

ಅದಾರ್ರಿ. ರೊಟ್ಟಿ ಬಡೀತಿದ್ನಲ್ಲ ಬಾಂಗ್ಲಾದಾವ, ಅವ ಇನ್ನೂ ವಾದಿ ಕಬೀರದಾಗ ಅದಾನ, ಅದ ರೂಮು. ತೆಲಂಗಾಣದಾವನೂ ಇದ್ದಾನ. ಫೋನ್ ಹಚ್ಚತೇನಿ ಖರೆ, ಆದ್ರ ಮುಖ ನೋಡಿದವ್ರು ಬಂದು ಹೇಳೂದು ಬ್ಯಾರೆ. ನಿಮಗ ತ್ರಾಸ ಆಗದಿದ್ರ ಶುಕ್ರವಾರ ಹೋಗ್ರಿ, ಅವತ್ತ ಇಬ್ಬರಿಗೂ ರಜಾ ಇರತೈತಿ. ಅವಂಗ ಜ್ವಾಳದ ಹಿಟ್ಟು ಬೇಕಾಗಿತ್ತಂತ, ಅಲ್ಲೆ ಸಿಗತೈತಿ ಅಂದ್ರ ಒಂದ ಚೀಲ ಒಯ್ರಿ, ರೊಕ್ಕ ನಾ ಕೊಡತೇನಿ.

ರೂವಿಯಿಂದ ಉಡುಪಿಗೆ

ರೊಕ್ಕದ ಮಾತು ಬೇಡ. ಜೋಳದ ಹಿಟ್ಟು ರೂವಿಯ ಅಂಗಡಿಗಳಲ್ಲಿ ಸಿಗ್ತದೆ, ನೋಡಿದ್ದೇನೆ. ಈ ಶುಕ್ರವಾರ ನಿಜ್ವಾ, ಮುಂದಿನ ಶುಕ್ರವಾರ ಮಧ್ಯಾಹ್ನದ ನಮಾಜ್ ಮುಗಿದ ಮೇಲೆ ವಾದಿ ಕಬೀರ್. ಅವರ ನಂಬರ್ ನನಗೆ ಖಾಸಗಿಯಾಗಿ ಕಳಿಸಿ, ಇಲ್ಲಿ ಹಾಕ್ಬೇಡಿ. ಕೋಟೇಶ್ವರದವರೇ, ಹಮ್ರಿಯಾ ಅಲ್ಲಿಂದ ಹತ್ತಿರವೇ. ಆ ಕಾಕಾನ ಮೆಸ್ ಯಾವ ಬೀದಿಯಲ್ಲಿತ್ತು ಹೇಳಿ, ಅದೇ ದಿನ ವಿಚಾರಿಸಿಕೊಂಡು ಬರ್ತೇನೆ.

ಕೋಟೇಶ್ವರದ ಗಾಳಿ

ದೊಡ್ಡ ರೌಂಡ್‌ಅಬೌಟ್‌ನಿಂದ ಒಳಗೆ ಹೋಗುವಾಗ ಎಡಕ್ಕೆ ಎರಡನೇ ಸಂದು, ಟೈಲರ್ ಅಂಗಡಿಯ ಪಕ್ಕ. ಕಾಕಾ ಸಿಕ್ಕಿದರೆ ಕೋಟೇಶ್ವರದ ಎಲೆಕ್ಟ್ರಿಷಿಯನ್ ಹುಡುಗ ಅಂತ ಹೇಳಿ, ಗೊತ್ತಾಗ್ತದೆ. ಮೆಸ್ ಇಲ್ಲದಿದ್ದರೆ ಟೈಲರ್‌ನನ್ನು ಕೇಳಿ, ಅವನೂ ಕಣ್ಣೂರಿನವನೇ.